ಹೆಗಲಿಗೆ ಹಗುರ

ಭಾನುವಾರ ಹತ್ತಿರ ಬಂದಂತೆಲ್ಲ ಅವಳಿಗೆ ಎದೆಯ ಮೇಲೆ ಕಲ್ಲು ಹೇರಿದಂತಾಗುತ್ತಿತ್ತು. ವಾರವಿಡೀ ಹೊಲಿಗೆ ಅಂಗಡಿಯಲ್ಲಿ ನಿಂತೇ ಬಟ್ಟೆ ಕತ್ತರಿಸುವ ಕೆಲಸ. ಆ ಒಂದು ದಿನವಾದರೂ ಯಾರೊಂದಿಗೂ ಮಾತಾಡದೆ, ಕಾಲು ಚಾಚಿ ಮನೆಯಲ್ಲಿ ಬಿದ್ದುಕೊಂಡಿರಬೇಕೆಂಬುದು ಅವಳ ಆಸೆ. ಗಂಡನಿಗೋ ಬೆಟ್ಟದ ಹುಚ್ಚು, ಫೋಟೋದ ಹುಚ್ಚು. ಬೆಳಕು ಹರಿಯುವ ಮೊದಲೇ ಅವಳನ್ನು ಎಬ್ಬಿಸಿ, ಕ್ಯಾಮೆರಾ ತಾನು ಹೊತ್ತು, ಅದನ್ನು ನಿಲ್ಲಿಸುವ ಮೂರು ಕಾಲಿನ ಟ್ರೈಪಾಡನ್ನು ಅವಳ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ನಾನೂ ಬರುತ್ತೇನೆಂದು ಅವಳೇ ದುಂಬಾಲು ಬಿದ್ದಿದ್ದಳು. ಹುರುಪಿನಲ್ಲಿ ಆಡಿದ ಆ ಒಂದು ಮಾತಿಗೆ ಇನ್ನೂ ಬೆಟ್ಟ ಹತ್ತುತ್ತಲೇ ಇದ್ದಳು.

ಅವನು ಕೆಟ್ಟವನಾಗಿದ್ದರೆ ಜಗಳವಾಡಿ ಬಿಡಿಸಿಕೊಳ್ಳಬಹುದಿತ್ತು. ಅವನು ಅವಳ ಕಾಲುಚೀಲವನ್ನೂ ತಾನೇ ಒಗೆದು ಒಣಗಿಸಿಡುವವನು. ಕಂಡಕಂಡವರ ಮುಂದೆ, ನಮ್ಮಿಬ್ಬರಿಗೂ ಬೆಟ್ಟವೆಂದರೆ ಪ್ರಾಣ ಎಂದು ಬೀಗುವವನು. ಅಂಥವನ ಮುಖಕ್ಕೆ ಹೊಡೆದ ಹಾಗೆ ಬರುವುದಿಲ್ಲ ಎನ್ನುವುದಾದರೂ ಹೇಗೆ?

ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವ ಹಿರಿಯ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಅವಳು ಕಾಜಾ ಅಕ್ಕ. ಹೆಗಲು ನೋವು ಅಂದುಬಿಡು ಎಂದು ಉಪಾಯ ಹೇಳಿಕೊಟ್ಟವಳು ಅವಳೇ. ಅದು ಸುಳ್ಳೂ ಅಲ್ಲ. ಆ ಹಳೆಯ ಟ್ರೈಪಾಡು ಹೊತ್ತರೆ ಮಂಚದ ಕಾಲು ಕಿತ್ತು ಹೊತ್ತಂತಿರುತ್ತಿತ್ತು.

ಅವತ್ತು ಸಂಜೆ ಅವಳು ಹೆಗಲು ತೋರಿಸಿದಳು. ಟ್ರೈಪಾಡಿನ ಪಟ್ಟಿ ಒತ್ತಿ ಕೆಂಪಗೆ ಮೂಡಿದ ಗೆರೆ ನೋಡಿ ಗಂಡನ ಮುಖ ಸಪ್ಪಗಾಯಿತು. ಅಂತೂ ಗೆದ್ದೆ ಅಂದುಕೊಂಡಳು ಅವಳು. ಮರುದಿನ ಕೆಲಸ ಮುಗಿಯುವ ಹೊತ್ತಿಗೆ ಅವನು ಹೊಲಿಗೆ ಅಂಗಡಿಯ ಬಾಗಿಲಲ್ಲಿ ಹಾಜರಾಗಿದ್ದ.

"ನಡಿ, ಹಗುರವಾದ ಟ್ರೈಪಾಡ್ ತಗೊಳ್ಳೋಣ. ಹೊರೋಳು ನೀನು, ನೀನೇ ಎತ್ತಿ ನೋಡಿ ಆರಿಸು."

ಕಾಜಾ ಅಕ್ಕ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು.

ಕ್ಯಾಮೆರಾ ಅಂಗಡಿಯವನು ಒಂದೊಂದನ್ನೇ ಗಾಜಿನ ಮೇಜಿನ ಮೇಲೆ ನಿಲ್ಲಿಸಿದ. ಅವಳು ಎಲ್ಲದಕ್ಕೂ ಭಾರ, ಭಾರ ಎಂದಳು. ಅವಳು ಹಾಗಂದಷ್ಟೂ ಗಂಡ ಇನ್ನೂ ಹಗುರವಾದದ್ದು ಕೊಡಿ ಎಂದ. ಕೊನೆಗೆ ಬಂದದ್ದು ಕಾರ್ಬನ್ ಫೈಬರಿನದು, ಮಡಿಸಿದ ಕೊಡೆಯಷ್ಟೇ ಇತ್ತು. ಅಂಗಡಿಯವನು ಎಚ್ಚರಿಕೆಯನ್ನೂ ಹೇಳಿದ: ಕಾಲಿನಲ್ಲಿ ಒಂದರೊಳಗೊಂದು ಸರಿಯುವ ತುಂಡುಗಳು ಹೆಚ್ಚಿದ್ದಷ್ಟೂ ಚೀಲದಲ್ಲಿ ಹಿಡಿಯುತ್ತದೆ, ಆದರೆ ಕೊನೆಯ ತುಂಡು ಕಡ್ಡಿಯಷ್ಟು ತೆಳ್ಳಗಿರುತ್ತದೆ, ಗಾಳಿಗೆ ನಡುಗುತ್ತದೆ. ನಡುಗದಂತೆ ನಿಲ್ಲಿಸುವುದು ಹೇಗೆಂದೂ ವಿವರಿಸಿದ. ಗಂಡ ಅದರ ಚೀಲವನ್ನು ಅವಳ ಬೆನ್ನಿಗೆ ಅಳತೆ ಹಿಡಿಯುವುದರಲ್ಲಿ ಮುಳುಗಿದ್ದ. ಬೇರೆ ಕೆಲಸವಿಲ್ಲದ ಅವಳು ಅಷ್ಟನ್ನೂ ಕೇಳಿಸಿಕೊಂಡಳು. ಇದೂ ಭಾರ ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಭಾನುವಾರ ಬೆಟ್ಟದ ನೆತ್ತಿಯ ಮೇಲೆ ಗಾಳಿಯೆಂದರೆ ಗಾಳಿ. ಗಂಡ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು, ನಡುವಿನ ಕಂಬವನ್ನೂ ಎತ್ತರಿಸಿದ. ಅದು ಜ್ವರ ಬಂದವರಂತೆ ನಡುಗಿತು. ಕಂಬದ ಕೊಕ್ಕೆಗೆ ಚೀಲ ತೂಗುಹಾಕಿದರೆ ಚೀಲವೇ ಓಲಾಡಿ ಅದನ್ನು ಎಳೆದಾಡಿತು. ಕಡೆಗೆ ಅವಳನ್ನು ಕುಕ್ಕರಗಾಲಲ್ಲಿ ಕೂರಿಸಿ, ಟ್ರೈಪಾಡಿನ ಎರಡು ಕಾಲು ಗಟ್ಟಿಯಾಗಿ ಹಿಡಿದುಕೋ, ಉಸಿರು ಬಿಗಿಹಿಡಿ ಎಂದ. ಬಿಸಿಲು ಏರುತ್ತಿದ್ದುದು ಅವಳ ಬೆನ್ನ ಹಿಂದೆ. ಕಣ್ಣೆದುರಿಗೆ ಒಂದು ಬಂಡೆ, ಅದರ ಮೇಲೆ ಇರುವೆಗಳ ಸಾಲು. ಮೂಗು ಸೋರಿದರೂ ಒರೆಸಿಕೊಳ್ಳುವಂತಿರಲಿಲ್ಲ. ಮೀನಖಂಡ ಸೆಟೆದು ಕಣ್ಣಲ್ಲಿ ನೀರು ಬಂತು.

"ರೀ, ಮುಂದಿನ ವಾರ ನಾನು ಬರಲ್ಲ."

"ಮಾತಾಡ್ಬೇಡ, ಅಲುಗುತ್ತೆ."

ಕ್ಯಾಮೆರಾ ಕ್ಲಿಕ್ಕೆನ್ನುವವರೆಗೂ ಕಾದಳು. "ನನಗೆ ಬೆಟ್ಟ ಇಷ್ಟ ಇಲ್ಲ ರೀ. ಇಷ್ಟು ದಿನ ಹೇಳೋಕಾಗಲಿಲ್ಲ."

ಅವನ ಕೈ ಕ್ಯಾಮೆರಾದಿಂದ ಕೆಳಗಿಳಿಯಿತು. ಸಿಟ್ಟಾಗಲಿಲ್ಲ. ಸಂತೆಯಲ್ಲಿ ಕೈತಪ್ಪಿದ ಮಗುವಿನಂತೆ ನೋಡಿದ. "ನೀನಿಲ್ದೆ ಇದು ನಿಲ್ಲಲ್ವಲ್ಲೇ," ಎಂದ.

ಇದು ತಾನಾಗಿಯೇ ನಿಂತರೆ ನನಗೆ ಬಿಡುಗಡೆ ಎಂದು ಅವಳಿಗೆ ಹೊಳೆಯಿತು. ಎದ್ದು, ನಡುವಿನ ಕಂಬವನ್ನು ಪೂರ್ತಿ ಕೆಳಗಿಳಿಸಿದಳು. ಕಡ್ಡಿಯಂಥ ತುಂಡುಗಳನ್ನು ಒಳಕ್ಕೆ ತಳ್ಳಿ, ಕಾಲುಗಳನ್ನು ಅಗಲಿಸಿ, ಒಂದನ್ನು ಇಳಿಜಾರಿನ ಕಡೆಗೆ ಚಾಚಿದಳು. ಓಲಾಡದ ಹಾಗೆ ಚೀಲದ ಪಟ್ಟಿ ಸಡಿಲಿಸಿ ಅದನ್ನು ನೆಲಕ್ಕೆ ತಾಗಿಸಿದಳು. ಟೈಮರ್ ಹಾಕಿ ಕೈ ತೆಗೆಯಿರಿ ಎಂದಳು. ಇಬ್ಬರೂ ಹಿಂದೆ ಸರಿದು ನಿಂತರು.

ಫೋಟೋ ಹಿಗ್ಗಿಸಿ ನೋಡಿದರೆ ದೂರದ ಮರದ ರೆಂಬೆರೆಂಬೆಯೂ ಕೊರೆದಿಟ್ಟಂತೆ ಕಾಣುತ್ತಿತ್ತು.

"ನೋಡಿದ್ರಾ? ನಾನು ಬೇಕಾಗಿಲ್ಲ," ಎಂದಳು.

ಅವನು ಫೋಟೋ ನೋಡಿದ, ಅವಳನ್ನು ನೋಡಿದ. ಮುಖ ಅರಳಿತು. "ಇಷ್ಟೆಲ್ಲ ಯಾವಾಗ ಕಲಿತೆ? ಇಷ್ಟ ಇಲ್ದೆ ಯಾರಾದ್ರೂ ಇಷ್ಟು ಕಲೀತಾರೇನೇ?"

ಅವಳು ಟ್ರೈಪಾಡಿನ ಕಾಲು ಮಡಿಸತೊಡಗಿದಳು.

ಇಳಿಯುವಾಗ ಟ್ರೈಪಾಡನ್ನು ಅವನೇ ಹೊತ್ತುಕೊಂಡ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಫೋಟೋ ತೋರಿಸಿ, ನಿಲ್ಲಿಸಿದ್ದು ನನ್ನ ಹೆಂಡತಿ ಎಂದ. ಮುಂದಿನ ವಾರ ಆಚೆಯ ದೊಡ್ಡ ಬೆಟ್ಟಕ್ಕೇ ಹೋಗೋಣ, ಅಲ್ಲಿ ಗಾಳಿ ಇನ್ನೂ ಜೋರು ಎಂದೂ ಹೇಳಿದ.

"ಮೇಲೆ ನಾನು ಹೇಳಿದ್ದು ಕೇಳಿಸ್ತಾ?" ಎಂದಳು ಅವಳು ಹಿಂದಿನಿಂದ.

"ಕೇಳಿಸ್ತು," ಎಂದ, ತಿರುಗದೆ. ಹೆಜ್ಜೆ ಮಾತ್ರ ಬಿರುಸಾಯಿತು.

ತಿರುವಿನಲ್ಲಿ ತೊರೆ ದಾಟಬೇಕಿತ್ತು. ಅವನು ಮೊದಲು ದಾಟಿ, ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತು ಕೈ ಚಾಚಿದ. ಇಳಿಯಲು ಬೇರೆ ದಾರಿಯಿರಲಿಲ್ಲ. ಅವಳು ಆ ಕೈ ಹಿಡಿದುಕೊಂಡಳು.