ಕೆಂಪು ಕಿವಿರು

ಮೀನಿನ ಕಿವಿರು ಎತ್ತಿ ನೋಡುತ್ತಿದ್ದಾಳೆ ಆ ಗಿರಾಕಿ ಹೆಂಗಸು, ಹೆಬ್ಬೆರಳಿನಿಂದ, ಹುಸೇನ್ ಬೀ ಕಲಿಸಿದ ಹಾಗೇ — ಒಳಗ ಕೆಂಪಗಿದ್ರ ಒಯ್ಯಿರಿ, ಕಪ್ಪಾಗಿದ್ರ ನನ್ನ ಮಾರಿಗೆ ಒಗೀರಿ, ಬಳ್ಳಾರಿಯ ಈ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆಲ್ಲ ಅವಳು ಹೇಳಿಕೊಟ್ಟ ಪಾಠ, ಕೆಂಪಗೇ ಇದೆ, ಯಾಕಿರಬಾರದು, ಸೀಸಕ್ಕೇನು ಬಣ್ಣವೇ ವಾಸನೆಯೇ, ಬೆಳಿಗ್ಗೆ ಕಾಲೇಜಿನ ಆ ಹುಡುಗಿ ಶ್ರೀವಲ್ಲಿ ಕಾಗದ ಹಿಡಿದು ಬಂದಿದ್ದಳು, ಮೀನು ಮುಟ್ಟದ ಮನೆಯವಳು, ಹೋದ ತಿಂಗಳು ಮೂಗು ಮುಚ್ಚಿಕೊಂಡೇ ಲ್ಯಾಬಿನ ಪರೀಕ್ಷೆಗೆಂದು ಮೂರು ಮೀನು ಒಯ್ದಿದ್ದವಳು, ಅಮ್ಮಾ ಇದ್ರಾಗ ಸೀಸದ ವಿಷ ಭಾಳ ಐತ್ರಿ, ಬಸುರಿಯರಿಗೆ, ಮಕ್ಕಳಿಗೆ ಕೊಡಲೇಬಾರದು, ಯಾವ ನೀರಿನ ಮೀನ್ರಿ ಇದು, ಅಂದಿದ್ದಳು, ಸಿರುಗುಪ್ಪದ ಹೊಳಿದವ್ವ, ನನ್ನ ತಮ್ಮ ಪೀರಸಾಬ್ ದಿನಾ ಐಸಿನ್ಯಾಗ ಹಾಕ್ಕೊಂಡು ತರ್ತಾನ, ಎಂದು ಹುಸೇನ್ ಬೀ ಎದೆ ತಟ್ಟಿ ಹೇಳಿದ್ದಳು — ಎದೆ ತಟ್ಟಿ, ಥೂ.

ಹುಡುಗಿ ಹೋದ ಮೇಲೆ ತಮ್ಮನನ್ನೇ ಕೇಳಿದಳು, ಫೋನಿನಲ್ಲಿ ಸುಳ್ಳನ್ನಾದರೂ ಹೇಳಬಹುದಿತ್ತು ಅವನು, ಹೇಳಲಿಲ್ಲ, ಹೊಳ್ಯಾಗ ಮೀನು ಎಲ್ಲಿ ಸಿಗ್ತಾವಕ್ಕಾ, ಕಾರ್ಖಾನಿ ಹಿಂದಿನ ಕೆರಿವು ಇವು, ಮೂರು ವರ್ಷಾತು, ಯಾರೂ ಸತ್ತಿಲ್ಲಲ್ಲ — ಮೂರು ವರ್ಷ, ಕುರುಗೋಡಿನ ಅವನ ಮನೆಯಲ್ಲಿ ಮೂರು ವರ್ಷದಿಂದ ಮೀನೇ ಬೇಯಲಿಲ್ಲ, ಈಗ ತಿಳಿಯುತ್ತಿದೆ, ಹಬ್ಬಕ್ಕೆ ಇವಳು ಒಯ್ದ ಮೀನನ್ನೂ ಅವನ ಹೆಂಡತಿ ತಬಸ್ಸುಮ್ ಒಲೆಗೆ ಏರಿಸಲಿಲ್ಲ, ನಮ್ಮ ಮಕ್ಕಳಿಗೆ ಮೀನು ಆಗಿಬರಂಗಿಲ್ಲಕ್ಕಾ, ಕೆಮ್ಮು ಬರ್ತೈತಿ, ನಂಬಿದಳು, ಕೆಮ್ಮಿಗೆ ಶುಂಠಿ ಕಷಾಯ ಬೇರೆ ಹೇಳಿಕೊಟ್ಟು ಬಂದಳು, ಎಂಥ ಪೆದ್ದಿ, ತನ್ನ ಮಕ್ಕಳ ಬಾಯಿಂದ ತಪ್ಪಿಸಿದ್ದನ್ನು ಅಕ್ಕನ ಬುಟ್ಟಿಗೆ ಸುರಿದ, ಸುರಿಯಲಿ, ಆದರೆ ನಿಶಾತ್, ಮೋಕದಲ್ಲಿರುವ ಮಗಳು, ಏಳು ತಿಂಗಳ ಬಸುರಿ, ಪ್ರತಿ ಶುಕ್ರವಾರ ಮೀನಿನ ತಲೆಯ ಸಾರು ಡಬ್ಬಿಗೆ ತುಂಬಿ ಬಸ್ಸಿಗೆ ಕೊಡುವುದು ಅವನಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಹೋದ ವಾರ ತಾನೇ ಆರಿಸಿ ಕೊಟ್ಟನಲ್ಲ, ಎಲ್ಲಕ್ಕಿಂತ ದೊಡ್ಡದನ್ನು, ಹೆಬ್ಬೆರಳಿನಿಂದ ಕಿವಿರು ಎತ್ತಿ, ನೋಡಕ್ಕಾ ಹೆಂಗ ಕೆಂಪಗೈತಿ, ಇದು ನಮ್ಮ ನಿಶಾತ್‌ಗೆ — ನಗುತ್ತಿದ್ದ, ಸಣ್ಣವನಿದ್ದಾಗ ಮುಳ್ಳು ಬಿಡಿಸಿ ಬಾಯಿಗಿಟ್ಟರೆ ನಗುತ್ತಿದ್ದ ಹಾಗೇ, ಆ ಮುಳ್ಳು ಬಿಡಿಸಿದ್ದು ಇವಳದೇ ಕೈ.

ಹೊಳಿ ಮೀನೇನಮ್ಮ, ಆ ಹೆಂಗಸು ಎರಡನೇ ಸಲ ಕೇಳುತ್ತಿದ್ದಾಳೆ, ಹೊಳಿದಲ್ಲ, ಒಯ್ಯಬ್ಯಾಡ್ರಿ, ಅಂದದ್ದು ತನ್ನ ಬಾಯೇ, ಹಂಗಾರ ಇಷ್ಟು ದಿನ ಕೊಟ್ಟಿದ್ದು ಏನು, ಅನ್ನುತ್ತಿದ್ದಾಳೆ ಅವಳು, ಹಲಗೆಯ ಮೇಲೆ ಫೋನು ಬಡಿದುಕೊಳ್ಳುತ್ತಿದೆ, ನಿಶಾತ್, ಇವತ್ತು ಶುಕ್ರವಾರ, ಅಮ್ಮಾ ಡಬ್ಬಿ ಯಾವ ಬಸ್ಸಿಗೆ ಇಟ್ಟಿ ಅಂತ ಕೇಳುತ್ತಾಳೆ, ನಿನ್ನ ಮಾಮ ಮೋಸ ಮಾಡಿದ ಎನ್ನುವುದೋ, ನಾನೇ ಕೈಯಾರೆ ಕುದಿಸಿ ಕಳಿಸಿದೆ ಎನ್ನುವುದೋ, ಫೋನು ನಿಂತಿತು, ಮತ್ತೆ ಶುರುವಾಯಿತು, ಆ ಹೆಂಗಸು ಇನ್ನೂ ಬೆರಳು ತೆಗೆದಿಲ್ಲ, ಕಿವಿರು ತೆರೆದೇ ಇದೆ, ತಮ್ಮನದೇ ದನಿ, ನೋಡಕ್ಕಾ, ಹೆಂಗ ಕೆಂಪಗೈತಿ, ಕೆಂಪಗೈತಿ —