ಏರಿನಲ್ಲಿ ನಿಲ್ಲುವ ಕಾರು

ಕಾರು ಕೆಟ್ಟು ನಿಂತ ಕತೆಯನ್ನು ಗಂಡನ ಬಾಯಲ್ಲಿ ಮೂರನೆಯ ಸಲ ಕೇಳಿದ ಮೇಲೆ ಅವಳು ಅದನ್ನು ನಂಬುವುದು ಬಿಟ್ಟಳು. ಆ ದಿನ ಅವನು ಅವಳ ತಾಯಿಯನ್ನು ಕಣ್ಣಿನ ಆಸ್ಪತ್ರೆಯಿಂದ ಕರೆತರಬೇಕಿತ್ತು. ಪೊರೆ ತೆಗೆಸಿಕೊಂಡು ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡಿದ್ದ ಮುದುಕಿ ಬಾಗಿಲಲ್ಲಿ ಕಾದು ಕಾದು, ಕೊನೆಗೆ ಯಾರದೋ ಕೈ ಹಿಡಿದು ಬಸ್ಸು ಹತ್ತಿ ಮನೆ ಸೇರಿದ್ದಳು. ಅಳಿಯ ಬಂದದ್ದು ಅದಾದ ಎಷ್ಟೋ ಹೊತ್ತಿಗೆ.

“ಪೈಪ್ ಕಾರ್ಖಾನೆ ಏರಲ್ಲಿ ಗಪ್ಪಂತ ನಿಂತೋಯ್ತು ಕಣೇ. ಸ್ವಲ್ಪ ಹೊತ್ತು ಬಿಟ್ಟು ತಾನೇ ಸ್ಟಾರ್ಟ್ ಆಯ್ತು.”

“ತಾನೇ ಕೆಡುತ್ತೆ, ತಾನೇ ಸರಿಹೋಗುತ್ತೆ. ಅದೇನು ಕಾರೋ, ಮುನಿಸಿಕೊಂಡ ಮಗುವೋ?”

ಅವಳು ಡ್ರೈವಿಂಗ್ ಶಾಲೆ ನಡೆಸುತ್ತಿದ್ದಳು. ‘ಬ್ರೇಕ್ ಹಿಡೀಲಿಲ್ಲ ಮೇಡಂ’ ಎನ್ನುವವರ ಕಾಲು ಬ್ರೇಕಿನ ಮೇಲೆ ಇದ್ದೇ ಇರುವುದಿಲ್ಲ ಎಂಬುದನ್ನು ದಿನವೂ ಕಂಡವಳು. ಗಾಡಿಗಿಂತ ಮೊದಲು ಮನುಷ್ಯರನ್ನು ಅನುಮಾನಿಸುವುದು ಅವಳಿಗೆ ಕಸುಬಿನಿಂದಲೇ ಬಂದ ಗುಣ. ಅದೂ ಅಲ್ಲದೆ, ಅವಳು ಪಕ್ಕದಲ್ಲಿ ಕೂತಾಗ ಆ ಕಾರು ಒಂದು ದಿನವೂ ನಿಂತಿರಲಿಲ್ಲ. ಅದೇ ಏರು, ಅದೇ ಬಿಸಿಲು. ಬೆಣ್ಣೆಯಂತೆ ಹತ್ತಿ ಇಳಿಯುತ್ತಿತ್ತು. ಅವನೊಬ್ಬನೇ ಹೋದಾಗ ಮಾತ್ರ ನಿಲ್ಲುತ್ತಿತ್ತು, ಅವನು ತಡವಾಗಿ ಬರುತ್ತಿದ್ದ.

ಅವನು ಲಿಫ್ಟ್ ರಿಪೇರಿ ಮಾಡುವವನು. ಕಾರು ವಯಸ್ಸಿನಲ್ಲಿ ಅವನಿಗಿಂತ ಸ್ವಲ್ಪವೇ ಚಿಕ್ಕದು. ಎರಡೇ ಬಾಗಿಲಿನ, ಕೆಂಪು ಬಣ್ಣದ ಹಳೇ ಮಾಡೆಲ್ಲು. ಅದಕ್ಕೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ದೊಡ್ಡ ಟರ್ಬೋ ಕೂರಿಸಿ, ಪೈಪು ವೈರುಗಳನ್ನೆಲ್ಲ ಬದಲಿಸಿಕೊಟ್ಟವನು ಗ್ಯಾರೇಜು ಇಟ್ಟಿದ್ದ ಅವಳ ತಮ್ಮ. ಕಾರು ನಿಲ್ಲತೊಡಗಿದ ಮೇಲೆ ಗಂಡ ಅದನ್ನು ಆ ಗ್ಯಾರೇಜಿಗೆ ಒಯ್ಯಲೇ ಇಲ್ಲ. ತಾನೇ ಕಾಯಿಲ್ ಬದಲಿಸಿದ, ಪ್ಲಗ್ಗು ಬದಲಿಸಿದ, ಪೆಟ್ರೋಲ್ ಪಂಪು ಬಿಚ್ಚಿ ಜೋಡಿಸಿದ. ಯಾವುದಕ್ಕೂ ಅದು ಜಗ್ಗಲಿಲ್ಲ.

“ನಿನ್ನ ತಮ್ಮ ಏನೋ ಕೈಚಳಕ ಮಾಡಿದಾನೆ,” ಎಂದ ಒಂದು ದಿನ. “ನಾವು ಊರಲ್ಲಿ ಇಲ್ದಾಗ ಯಾರೋ ಕಾರು ತೆಗೀತಾರೆ. ಸೀಟು ಹಿಂದಕ್ಕೆ ಹೋಗಿರುತ್ತೆ, ಪೆಟ್ರೋಲ್ ಇಳಿದಿರುತ್ತೆ.”

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮ ತಡಕ್ಕೆ ನನ್ನ ತಮ್ಮ ಯಾಕೆ ಹೊಣೆ?”

ಅವನು ಕೆಲಸಕ್ಕೆ ಕಂಪನಿಯ ವ್ಯಾನಿನಲ್ಲಿ ಹೋದ ಮಧ್ಯಾಹ್ನವೊಂದರಲ್ಲಿ ಅವಳು ಕಾರಿನ ಬಾಗಿಲು ತೆರೆದು ಮೂಲೆ ಮೂಲೆ ಹುಡುಕಿದಳು. ಚಾಪೆ ಎತ್ತಿದಳು, ಸೀಟಿನ ಸಂದಿಯಲ್ಲಿ ಕೈ ಹಾಕಿದಳು. ಸಿಕ್ಕಿದ್ದು ಒಂದು ಟೆಸ್ಟರ್, ಗ್ರೀಸು ಮೆತ್ತಿದ ಬಟ್ಟೆ, ಒಂದು ಬಾಟಲಿ ನೀರು. ಏನೂ ಸಿಗದಿದ್ದದ್ದೇ ಅವಳ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಇಷ್ಟು ಚೊಕ್ಕಟವಾಗಿ ಯಾರು ಇಟ್ಟುಕೊಳ್ಳುತ್ತಾರೆ? ಅವಳು ಕೀಲಿ ತಿರುಗಿಸಿ, ಕಾರನ್ನು ಸೀದಾ ಆ ಏರಿನ ಕಡೆಗೆ ಬಿಟ್ಟಳು.

ಮೊದಲ ಸಲ ತಾನು ಕಲಿಸುವ ಹಾಗೆಯೇ ಹತ್ತಿದಳು: ಹದವಾದ ವೇಗ, ಹದವಾದ ಗೇರು. ಕಾರು ಕೆಮ್ಮಲೂ ಇಲ್ಲ. ‘ಸಿಕ್ಕಿಬಿದ್ರಿ’ ಎಂದುಕೊಂಡು ಮೇಲೆ ತಿರುಗಿಸಿಕೊಂಡು ಕೆಳಗಿಳಿದಳು. ಇನ್ನೊಮ್ಮೆ ನೋಡಿಯೇಬಿಡೋಣವೆಂದು ಹತ್ತುವಾಗ ಹಿಂದಿನಿಂದ ಲಾರಿಯೊಂದು ಹಾರ್ನು ಬಾರಿಸುತ್ತ ಬೆನ್ನು ಹತ್ತಿತು. ಅವಳಿಗೆ ರೇಗಿಹೋಯಿತು. ಪೆಡಲನ್ನು ಪೂರ್ತಿ ಒತ್ತಿದಳು.

ಬಾನೆಟ್ಟಿನೊಳಗೆ ಟರ್ಬೋ ಸಿಳ್ಳು ಹೊಡೆಯಿತು. ಬೆನ್ನು ಸೀಟಿಗೆ ಅಂಟಿತು. ಲಾರಿ ಕನ್ನಡಿಯಲ್ಲಿ ಬೆಂಕಿಪೊಟ್ಟಣದಷ್ಟಾಯಿತು. ಗಂಡ ಈ ಕಾರನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾನೆ ಎಂಬುದು ಅವಳಿಗೆ ಅಂದು ಮೊದಲ ಬಾರಿಗೆ ತಿಳಿಯಿತು. ತಿಳಿಯುವಷ್ಟರಲ್ಲಿ, ಎಂಜಿನ್ನಿನ ವೇಗ ತೋರಿಸುವ ಮುಳ್ಳು ಸೊನ್ನೆಗೆ ಬಿತ್ತು. ಕಾರು ಇನ್ನೂ ಉರುಳುತ್ತಲೇ ಇತ್ತು. ಸದ್ದು ಮಾತ್ರ ಇರಲಿಲ್ಲ. ಪಕ್ಕಕ್ಕೆ ತಂದು ನಿಲ್ಲಿಸಿ ಎಷ್ಟು ಸಲ ಕೀಲಿ ತಿರುಗಿಸಿದರೂ ಎಂಜಿನ್ ಹತ್ತಲಿಲ್ಲ.

ಕೊನೆಗೆ ಗಂಡನಿಗೆ ಫೋನು ಮಾಡಿದಳು.

“ರೀ, ಕಾರು ನಿಂತಿದೆ. ಪೈಪ್ ಕಾರ್ಖಾನೆ ಏರಲ್ಲಿ.”

“ನೀನ್ಯಾಕೆ ಅಲ್ಲಿ ಹೋದೆ?”

“ನೀವು ಹೇಳೋದು ನಿಜವಾ ಅಂತ ನೋಡೋಕೆ.”

“ನೋಡಿದ್ಯಲ್ಲ. ಇರು, ಬಂದೆ.”

ಅವಳು ತಮ್ಮನಿಗೂ ಫೋನ್ ಮಾಡಿದಳು. ಇಬ್ಬರೂ ಹೆಚ್ಚು ಕಡಿಮೆ ಒಟ್ಟಿಗೇ ಬಂದರು, ಒಬ್ಬರ ಮುಖ ಒಬ್ಬರು ನೋಡದೆ ಬಾನೆಟ್ಟಿನ ಕಡೆ ನಡೆದರು.

“ಮುಳ್ಳು ಮೊದಲು ಬಿತ್ತಾ, ಎಂಜಿನ್ ಮೊದಲು ನಿಲ್ತಾ ಅಕ್ಕ?” ತಮ್ಮ ಕೇಳಿದ.

“ಮುಳ್ಳು. ಗಾಡಿ ಓಡ್ತಾ ಇದ್ದಾಗಲೇ ಸೊನ್ನೆಗೆ ಬಿತ್ತು.”

“ಆ ಮುಳ್ಳು ಓಡೋದೇ ಕಾಯಿಲ್ ಕರೆಂಟಿಂದ. ಹಾಗಾದ್ರೆ ಪೆಟ್ರೋಲ್ ಅಲ್ಲ, ಕರೆಂಟು.”

ಗಂಡ ಟೆಸ್ಟರ್ ಹಿಡಿದ. ಕಾಯಿಲ್‌ವರೆಗೆ ಕರೆಂಟು ಬರುತ್ತಿತ್ತು. ಅವಳು ಕೀಲಿ ತಿರುಗಿಸಿದಾಗ, ಬಿಚ್ಚಿ ಹಿಡಿದ ಪ್ಲಗ್ಗಿನಲ್ಲಿ ಕಿಡಿ ಇರಲಿಲ್ಲ. ಯಾವ ಹೊತ್ತಿಗೆ ಕಿಡಿ ಹಾರಿಸಬೇಕೆಂದು ಕಾಯಿಲ್‌ಗೆ ಹೇಳುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ಟರ್ಬೋ ಪೈಪಿಗೆ ಜಾಗ ಸಾಲದೆ ತಮ್ಮ ಅದನ್ನು ಟರ್ಬೋದ ಮೇಲ್ಗಡೆ, ಎಂಜಿನ್ ಹಿಂದಿನ ಗೋಡೆಗೆ ಕೂರಿಸಿದ್ದ. ಗಂಡ ಬೆರಳು ತಾಗಿಸಿ ಚುರುಕ್ಕೆಂದು ಹಿಂದೆಳೆದುಕೊಂಡ.

“ಸುಡ್ತಾ ಇದೆ. ಬಟ್ಟೆ ಒದ್ದೆ ಮಾಡಿ ಕೊಡೇ.”

ಬಾಟಲಿಯ ನೀರಲ್ಲಿ ತನ್ನ ಕರ್ಚೀಫು ನೆನೆಸಿ ಕೊಟ್ಟಳು. ಪೆಟ್ಟಿಗೆಯ ಮೇಲೆ ಒತ್ತಿದಾಗ ಹಬೆ ಎದ್ದಿತು. ಎರಡು ಮೂರು ಸಲ ನೆನೆಸಿ ಒತ್ತಿದ ಮೇಲೆ ಕೀಲಿ ತಿರುಗಿಸಿದಳು. ನೀಲಿ ಕಿಡಿ ಟಪಟಪ ಹಾರಿತು. ಪ್ಲಗ್ಗು ವಾಪಸ್ ಹಾಕಿದ ಕೂಡಲೇ ಎಂಜಿನ್ ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು.

“ಅಂದ್ರೆ ಜೋರಾಗಿ ಓಡ್ಸಿ ಟರ್ಬೋ ಕಾದ್ರೆ ಮಾತ್ರ ನಿಲ್ಲುತ್ತೆ,” ಎಂದು ಅವಳು ಗಂಡನನ್ನು ನೋಡಿದಳು. “ನಾನಿದ್ದಾಗ ಬಸ್ಸಿನ ಥರ ಓಡಿಸ್ತೀರಿ. ಒಬ್ಬರೇ ಇದ್ದಾಗ?”

ಅವನು ಒರೆಸುವ ಬಟ್ಟೆಯನ್ನು ಮಡಚತೊಡಗಿದ. “ಅವತ್ತು ಅತ್ತೆ ಕಾಯ್ತಿದ್ರಲ್ಲ, ಅದಕ್ಕೆ ಸ್ವಲ್ಪ…”

“ಉಳಿದ ಎರಡು ಸಲ ಯಾರು ಕಾಯ್ತಿದ್ರು?”

“ಯಾರೂ ಇಲ್ಲ ಮಾರಾಯ್ತಿ. ಏರು ಖಾಲಿ ಇತ್ತು.”

ತಮ್ಮ ನಗಲು ಹೊರಟ. ಗಂಡ ಅವನ ಕಡೆ ತಿರುಗಿದ. “ನಗಬೇಡ. ಈ ಪೆಟ್ಟಿಗೆಗೂ ಟರ್ಬೋಗೂ ಮಧ್ಯೆ ಒಂದು ತಗಡು ಹಾಕಿದ್ದೆ, ಶಾಖ ತಾಗದ ಹಾಗೆ. ಎಲ್ಲಿ ಹೋಯ್ತು? ನಾನಂತೂ ಬಿಚ್ಚಿಲ್ಲ, ಈ ಕಡೆ ಕೈಯೇ ಹಾಕಿಲ್ಲ.”

ತಮ್ಮನ ಮುಖ ಇಳಿಯಿತು. ಜೇಬಿಗೆ ಕೈ ಹಾಕಿ ಒಂದು ಕೀಲಿ ತೆಗೆದ. ಕಾರು ಗ್ಯಾರೇಜಿನಲ್ಲಿದ್ದಾಗ ಮಾಡಿಸಿಕೊಂಡಿದ್ದ ಕೀಲಿ.

“ನೀವು ಊರಲ್ಲಿ ಇಲ್ದಾಗ ಒಂದೊಂದು ಸುತ್ತು ತಗೊಂಡೋಗ್ತಿದ್ದೆ ಭಾವ. ಹಗಲೂ ರಾತ್ರಿ ಕೂತು ಕಟ್ಟಿದ ಎಂಜಿನ್ನು; ಬಿಟ್ಟಿರೋಕಾಗ್ಲಿಲ್ಲ. ತಗಡು ಗಿಟಗಿಟ ಅಂತಿತ್ತು, ಬಿಚ್ಚಿಟ್ಟೆ. ವಾಪಸ್ ಹಾಕೋಣ ಅಂತಿದ್ದೆ, ನೀವು ಬಂದ್ಬಿಟ್ರಿ.”

“ಕೇಳಿದ್ರೆ ಕೊಡ್ತಿರ್ಲಿಲ್ವಾ?”

“ಕೊಡ್ತಿರ್ಲಿಲ್ಲ,” ಎಂದರು ಅಕ್ಕ ತಮ್ಮ ಇಬ್ಬರೂ.

ಗಂಡ ಕೈ ಚಾಚಿದ. ಕೀಲಿಯನ್ನು ಇಸಿದುಕೊಂಡ. ಆ ಸಂಜೆ ಗ್ಯಾರೇಜಿನಲ್ಲಿ ಮೂವರೂ ಸೇರಿ ಪೆಟ್ಟಿಗೆಯನ್ನು ಮುಂದಿನ ದೀಪದ ಹಿಂದೆ, ಗಾಳಿ ಬೀಳುವ ಜಾಗಕ್ಕೆ ತಂದರು. ವೈರು ಉದ್ದ ಮಾಡಿದವನು ತಮ್ಮ, ಪ್ರತಿ ಜೋಡಣೆಯನ್ನೂ ಎಳೆದೆಳೆದು ನೋಡಿದವನು ಗಂಡ. ಆಮೇಲೆ ಅವಳೇ ಓಡಿಸಿದಳು. ಅದೇ ಏರನ್ನು ಪೂರ್ತಿ ಪೆಡಲಿನಲ್ಲಿ ಮತ್ತೆ ಮತ್ತೆ ಹತ್ತಿದರೂ ಮುಳ್ಳು ಬೀಳಲಿಲ್ಲ. ಗಂಡ ಮಾತ್ರ ಪ್ರತಿ ಸಲವೂ ಕಿವಿ ನಿಮಿರಿಸಿಕೊಂಡು ಕೂತಿದ್ದ.

ತಮ್ಮನನ್ನು ಇಳಿಸಿ ಮನೆಗೆ ಬರುವಾಗ ಅವಳು ಹೇಳಿದಳು: “ನಿಮ್ಮನ್ನ ನಂಬಲಿಲ್ಲ ನಾನು. ಕಾರೆಲ್ಲ ತಡಕಾಡಿದೆ.”

“ನಾನು ನಿನ್ನ ತಮ್ಮನ್ನ ನಂಬಲಿಲ್ಲ,” ಎಂದ ಅವನು. “ನನ್ನ ಲೆಕ್ಕ ಸರಿಯಾಯ್ತು, ನಿಂದು ತಪ್ಪಾಯ್ತು.”

“ಅರ್ಧ ತಪ್ಪು ಅನ್ನಿ. ಖಾಲಿ ಏರಲ್ಲಿ ಪೆಡಲ್ ಒತ್ತಿದ್ದು ನೀವೇ ತಾನೇ?” ಎನ್ನುತ್ತ ಅವಳು ಗೇರು ಬದಲಿಸಿದಳು.