ಸೂತಕದಲ್ಲಿ ಕೊಟ್ಟ ಕೀಲಿ

ಖಾನಾಪುರದ ಬಸ್ಸು ಬೆಳಗಾವಿ ಮುಟ್ಟಿದಾಗ ಮಾರ್ತಾಂಡ ಮಾಸ್ತರರು ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವಚಿಕೊಂಡೇ ಇಳಿದರು. ಹಿಂದೆ ತಮ್ಮಣ್ಣ ಇಳಿದ. ನಂದಗಡದಲ್ಲಿ ಅಕ್ಕಿ, ಬೆಲ್ಲದ ಅಂಗಡಿ ಇಟ್ಟವನು, ಅವಸರವಿಲ್ಲದ ಮನುಷ್ಯ. ಅವನ ಹಿಂದೆ ಸೆರಗು ಸರಿಮಾಡಿಕೊಳ್ಳುತ್ತ ನಿಂಗವ್ವ. ಮೂವರೂ ಮಹಾಂತೇಶ ನಗರದಲ್ಲಿದ್ದ ಶುಭದಾಳ ಮನೆಗೆ ಹೊರಟಿದ್ದರು. ಶುಭದಾ ಮಾಸ್ತರರ ಅಣ್ಣನ ಮಗಳು. ಒಂದು ಕಚೇರಿಯಲ್ಲಿ ಕಂಪ್ಯೂಟರುಗಳ ಸುರಕ್ಷತೆ ನೋಡಿಕೊಳ್ಳುವ ಕೆಲಸ ಅವಳದು.

ಖಾನಾಪುರದ ಭೂಮಿ ಸಮಿತಿಗೆ ಮಾಸ್ತರರೂ ತಮ್ಮಣ್ಣನೂ ಹಿರಿಯರು. ಕಾಡಿನ ಅಂಚಿನ ಹೊಲಗಳನ್ನು ಯಾರು ಉಳುತ್ತ ಬಂದರು, ಯಾರು ಯಾವ ನೆಪ ಹೇಳಿ ಬಿಡಿಸಿಕೊಂಡರು ಎಂದು ವಯಸ್ಸಾದವರ ಬಾಯಿಂದ ಕೇಳಿ ವಿಡಿಯೊ ಮಾಡಿಡುವುದು ಸಮಿತಿಯ ಕೆಲಸ. ಮೊದಮೊದಲು ಅವು ಫೋನುಗಳಲ್ಲೇ ಇದ್ದವು. ಒಂದು ವಿಡಿಯೊ ಹೇಗೋ ಊರೂರು ತಿರುಗಿ, ಅದರಲ್ಲಿ ಮಾತಾಡಿದ ಮುದುಕನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಆಮೇಲೆ ಯಾರೂ ಬಾಯಿ ಬಿಡಲೊಲ್ಲರು. ಆಗ ಶುಭದಾ ಬಂದು ಲ್ಯಾಪ್‌ಟಾಪಿನಲ್ಲಿ ಒಂದು ಬೀಗದ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದಳು. ವಿಡಿಯೊಗಳೆಲ್ಲ ಒಂದೇ ಪೆಟ್ಟಿಗೆಯೊಳಗೆ ಹೋಗಿ ಕೂಡುತ್ತವೆ. ಪಾಸ್‌ವರ್ಡ್ ಇಲ್ಲದವನಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಪಾಸ್‌ವರ್ಡನ್ನು ಎರಡು ತುಂಡು ಮಾಡಿ, ಒಂದು ಮಾಸ್ತರರಿಗೆ, ಇನ್ನೊಂದು ತಮ್ಮಣ್ಣನಿಗೆ ಇರಲಿ ಎಂದದ್ದು ಮಾಸ್ತರರೇ.

ಅದು ಅವರಿಗೆ ಹೊಸ ವಿಚಾರವಾಗಿರಲಿಲ್ಲ. ಅವರ ಊರಿನ ದೇವಿಯ ಒಡವೆಯ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಅಜ್ಜನ ಅಜ್ಜನ ಕಾಲದಿಂದ ಮಾಸ್ತರರ ಮನೆಯಲ್ಲಿ, ಇನ್ನೊಂದು ಗೌಡರ ಮನೆಯಲ್ಲಿ. ಒಬ್ಬರೇ ತೆರೆಯಲು ಬರುವುದಿಲ್ಲ. ಹೆದರಿ ಸುಮ್ಮನಿದ್ದ ಮುದುಕ ಮುದುಕಿಯರ ಮುಂದೆ ಮಾಸ್ತರರು ಈ ಮಾತನ್ನೇ ಹೇಳುತ್ತಿದ್ದರು. ದೇವಿಯ ಪೆಟ್ಟಿಗೆ ಎಂದರೆ ಅವರಿಗೆ ತಿಳಿಯುತ್ತಿತ್ತು. ಮಾತಾಡುತ್ತಿದ್ದರು.

ನಿಂಗವ್ವನ ಅತ್ತೆ ಕಾಡವ್ವ ಹಾಗೆ ಮಾತಾಡಿದವಳು. ಕಣಕುಂಬಿಯ ಕಡೆ ಇಳಿಜಾರಿನಲ್ಲಿ ಅವರದೊಂದು ಹೊಲ. ರಾಗಿ, ಅಲ್ಲಿಯವರ ಮಾತಿನಲ್ಲಿ ನಾಚಣಿ, ಬೆಳೆಯುತ್ತಿದ್ದರು, ಅಂಚಿಗೆ ಗೋಡಂಬಿ ಗಿಡ. ಈಗ ಅದರ ಸುತ್ತ ರೆಸಾರ್ಟಿನವರ ತಂತಿಬೇಲಿ ಎದ್ದಿತ್ತು. ಕಾಡವ್ವ ಹೆಬ್ಬೆಟ್ಟು ಒತ್ತಿ ಮಾರಿದ್ದಾಳೆಂದು ಕಾಗದ. ಒತ್ತಿದ್ದು ಹೇಗೆ, ಒತ್ತಿಸಿದವರು ಯಾರು ಎಂದು ಅವಳು ವಿಡಿಯೊದಲ್ಲಿ ಹೇಳಿದ್ದಳು. ದೀಪಾವಳಿಗೆ ಮೊದಲೇ ಅವಳು ತೀರಿಕೊಂಡಳು. ಬರುವ ಸೋಮವಾರ ಪ್ರಾಂತ ಕಚೇರಿಯಲ್ಲಿ, ಉಪವಿಭಾಗಾಧಿಕಾರಿಯ ಮುಂದೆ, ವಿಚಾರಣೆ. ನಿಂಗವ್ವನ ಕೈಯಲ್ಲಿ ಆ ವಿಡಿಯೊ ಬಿಟ್ಟರೆ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ಹಳೆಯ ಲ್ಯಾಪ್‌ಟಾಪು ಬ್ಯಾಟರಿ ಉಬ್ಬಿ ಇಂದೋ ನಾಳೆಯೋ ಎನ್ನುವಂತಾಗಿತ್ತು. ಬೀಗದ ಸಾಫ್ಟ್‌ವೇರಿನ ಆ ಆವೃತ್ತಿಯಲ್ಲಿ ದೋಷಗಳಿವೆ, ಮಾಡಿದವರೇ ಅದನ್ನು ಕೈಬಿಟ್ಟಿದ್ದಾರೆ ಎಂದು ಶುಭದಾ ಫೋನಿನಲ್ಲಿ ಹೇಳಿದ್ದಳು. ಹೊಸದಕ್ಕೆ ಹೋಗಲೇಬೇಕು, ಆದರೆ ತಾನು ಹೇಳುವ ತನಕ ಹಳೆಯದನ್ನು ಮುಟ್ಟಬಾರದು, ಹೊಸ ಆವೃತ್ತಿಗೆ ಹಳೆಯ ಬೀಗದ ಗುರುತೇ ಹತ್ತುವುದಿಲ್ಲ ಎಂದು ಎಚ್ಚರಿಸಿದ್ದಳು.

ಚಹಾ ಆದ ಮೇಲೆ ಶುಭದಾ ಊಟದ ಮೇಜಿನ ಮೇಲೆ ಹಳೆಯ ಹೊಸ ಎರಡೂ ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತಳು. ಮಾಡುವುದನ್ನು ಮೊದಲೇ ಬಿಡಿಸಿ ಹೇಳಿದಳು. ಮೊದಲು ಬೀಗ ಹಾಕಿದಂತೆಯೇ ಪೆಟ್ಟಿಗೆಯ ನಕಲು ತೆಗೆದು ಬೇರೆ ಡಿಸ್ಕಿನಲ್ಲಿಡುವುದು. ಆಮೇಲೆ ಹಳೆಯ ಸಾಫ್ಟ್‌ವೇರಿನಲ್ಲೇ ತೆರೆದು, ಹೊಸದರಲ್ಲಿ ಹೊಸ ಪೆಟ್ಟಿಗೆ ಮಾಡಿ, ಒಂದೊಂದಾಗಿ ಸಾಗಿಸುವುದು. ಸಾಗಿಸಿದ್ದನ್ನು ಒಂದೂ ಬಿಡದೆ ತೆರೆದು ನೋಡುವುದು. ಎಲ್ಲ ಸರಿ ಇದೆ ಎಂದು ಎಲ್ಲರೂ ಒಪ್ಪಿದ ಮೇಲಷ್ಟೇ ಹಳೆಯದನ್ನೂ ಅದರ ನಕಲನ್ನೂ ಅಳಿಸುವುದು.

"ಹಿಂದಿನ ನಕಲು ಒಂದೂ ಇಲ್ಲೇನು ಕಾಕಾ? ತಿಂಗಳಿಗೊಮ್ಮೆ ತಗದಿಡ್ರಿ ಅಂದಿದ್ದೆ."

"ದೇವಿ ಪೆಟ್ಟಿಗಿಗೆ ಜೋಡಿ ಎಲ್ಲಿರ್ತದ?" ಎಂದರು ಮಾಸ್ತರರು. ಎರಡನೆಯದೊಂದು ಇದ್ದರೆ ಕಾಯುವುದು ಯಾವುದನ್ನು ಎಂಬುದು ಅವರ ಮಾತು. ಶುಭದಾ ಡಿಸ್ಕು ಜೋಡಿಸಿ ನಕಲು ತೆಗೆದಳು.

ಮಾಸ್ತರರು ತಮ್ಮ ತುಂಡನ್ನು ಒಂದೇ ಬೆರಳಿನಿಂದ ಒತ್ತಿದರು. ತಮ್ಮಣ್ಣ ತನ್ನದನ್ನು ಒತ್ತಿದ. ಪೆಟ್ಟಿಗೆ ತೆರೆಯಿತು. ಹೆಸರುಗಳ ಸಾಲಿನಲ್ಲಿ ಕಾಡವ್ವನ ಹೆಸರು ಇತ್ತು. ನಿಂಗವ್ವನಿಗೆ ಓದಲು ಬಾರದು. ಶುಭದಾ ಬೆರಳಿಟ್ಟು ತೋರಿಸಿದಾಗ ಅವಳ ಮುಖದ ಬಿಗಿ ಸ್ವಲ್ಪ ಸಡಿಲಿತು. ಎಲ್ಲವೂ ಹೊಸ ಪೆಟ್ಟಿಗೆಗೆ ಬಂದವು.

ಹೆಸರು ಬಂದಿವೆಯಲ್ಲ, ಎಲ್ಲಾ ಹಚ್ಚಿ ನೋಡುತ್ತ ಕುಳಿತರೆ ಸಂಜೆಯ ಬಸ್ಸು ತಪ್ಪುತ್ತದೆ ಎಂದ ತಮ್ಮಣ್ಣ. ನಿಂಗವ್ವ, ತನಗೆ ಅತ್ತೆಯದೊಂದನ್ನು ತೋರಿಸಿದರೆ ಸಾಕು, ಅವಳ ದನಿ ಕೇಳಿ ಬಹಳ ದಿನವಾಯಿತು ಎಂದಳು. ಶುಭದಾ ಅದನ್ನೇ ಮೊದಲು ಹಚ್ಚಿದಳು.

ಕಾಡವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಹಳ್ಳದಿಂದ ಹೊನ್ನೆ ಮರದ ತನಕ ನಮ್ಮದು ಎಂದು ಕೈ ಚಾಚಿ ತೋರಿಸಿದಳು. ಮಾವ ಕಲ್ಲು ಆರಿಸಿ ಒಡ್ಡು ಹಾಕಿದ್ದನ್ನು ಹೇಳಿದಳು. ಪಿಂಚಣಿ ಮಾಡಿಸುತ್ತೇನೆ ಬಾ ಎಂದು ಗಾಡಿಯಲ್ಲಿ ಕೂರಿಸಿಕೊಂಡು ಹೋದರು ಎಂದಳು. ಅಲ್ಲಿ ಚಿತ್ರ ಒಂದು ಸಲ ಜಿಗಿಯಿತು. ಕಾಡವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಇಷ್ಟೇ ಎಂದು ಎದ್ದಳು.

"ಇದಲ್ರಿ," ಎಂದಳು ನಿಂಗವ್ವ. "ನಾ ಚಾ ಕಾಸಾಕ ಒಳಗ ಹೋಗಿದ್ದೆ. ಲಕ್ಷ್ಮಪ್ಪ ಸಾವ್ಕಾರ್ರ ಹೆಸರು ತಗೊಂಡ್ಳಂತ ಹೆದರಿ ಹೊರಗ ಓಡಿ ಬಂದೆ. ಅದು ಎಲ್ಲಿ ಹೋತು ಶುಭದಾ ಬಾಯಾರ?"

ಲಕ್ಷ್ಮಪ್ಪ ತಮ್ಮಣ್ಣನ ಒಡಹುಟ್ಟಿದ ಅಣ್ಣ.

ಶುಭದಾ ಮತ್ತೆ ಹಚ್ಚಿದಳು. ಮತ್ತೆ ಅಲ್ಲೇ ಜಿಗಿಯಿತು. ಹಳೆಯ ಪೆಟ್ಟಿಗೆಯಲ್ಲಿದ್ದದ್ದನ್ನು ನೋಡಿದಳು. ಅದೂ ಹಾಗೆಯೇ ಇತ್ತು. ಸಾಗಿಸುವಾಗ ಕೆಟ್ಟದ್ದಲ್ಲ. ಅವಳು ಫೈಲಿನ ತಾರೀಖು ತೆಗೆದು ಓದಿ, ಇದನ್ನು ಸಂಕ್ರಾಂತಿಯಾದ ವಾರದಲ್ಲಿ ಯಾರೋ ಕತ್ತರಿಸಿ ಮತ್ತೆ ಉಳಿಸಿದ್ದಾರೆ ಎಂದಳು. ಅಷ್ಟು ಹೊತ್ತಿಗೆ ಕಾಡವ್ವ ಸತ್ತು ಎಷ್ಟೋ ದಿನವಾಗಿತ್ತು. ಆಗ ಇಬ್ಬರೂ ಕೂಡಿ ತೆರೆದಿದ್ದಿರಾ ಎಂದು ಕೇಳಿದಳು.

ಮಾಸ್ತರರು ತಮ್ಮಣ್ಣನ ಕಡೆ ತಿರುಗಿದರು. ಆ ವಾರ ಮಾಸ್ತರರ ತಾಯಿ, ಶುಭದಾಳ ಅಜ್ಜಿ, ತೀರಿಕೊಂಡಿದ್ದರು.

ಮನೆಯಲ್ಲಿ ಸಾವಾದರೆ ದೇವಿಯ ಕೀಲಿಯನ್ನು ಮುಟ್ಟುವಂತಿಲ್ಲ. ಸೂತಕ ಕಳೆಯುವ ತನಕ ಅದು ಗೌಡರ ಮನೆಯಲ್ಲಿರಬೇಕು. ಶುದ್ಧಿಯಾದ ದಿನ ಅವರು ತಂದು ಕೊಡುತ್ತಾರೆ. ಎಂದೂ ತಪ್ಪಿಲ್ಲ. ಸಮಿತಿಗೆ ಆ ವಾರ ಹೊಸ ವಿಡಿಯೊ ಒಂದು ಬಂದಿತ್ತು, ಪೆಟ್ಟಿಗೆಗೆ ಹಾಕಬೇಕಿತ್ತು. ಮಾಸ್ತರರಿಗೆ ಬೇರೆ ದಾರಿ ತೋಚಲಿಲ್ಲ, ತೋಚಬೇಕೆಂದೂ ಅನ್ನಿಸಲಿಲ್ಲ. ತಮ್ಮಣ್ಣನ ಮನೆಯಲ್ಲಿ ಸೂತಕ ಹಿಡಿಯುವುದಿಲ್ಲ. ಅವನನ್ನು ಕರೆಸಿ, ಲ್ಯಾಪ್‌ಟಾಪು ಒಯ್ಯಲು ಹೇಳಿ, ಅಂಗಳದಲ್ಲಿ ದೂರ ನಿಂತು ತಮ್ಮ ತುಂಡನ್ನು ಹೇಳಿದ್ದರು. ಕಾಡವ್ವ ಅವನ ಅಣ್ಣನ ಹೆಸರು ಹೇಳಿದ್ದು ಅವರಿಗೆ ಗೊತ್ತಿತ್ತು. ವಿಡಿಯೊ ಮಾಡಿದವರೇ ಅವರು. ಆದರೆ ಕೀಲಿ ಹಿಡಿದವನ ಮೇಲೆ ಹಾಗೆ ಸಂಶಯಪಟ್ಟ ರೂಢಿ ಅವರ ಮನೆತನದಲ್ಲಿರಲಿಲ್ಲ. ಶುದ್ಧಿಯ ದಿನ ತಮ್ಮಣ್ಣ ತೆಂಗಿನಕಾಯಿ, ವೀಳ್ಯದೆಲೆಯ ಜೊತೆ ಲ್ಯಾಪ್‌ಟಾಪನ್ನೂ ಹಿಡಿದು ಬಂದು, ನಿಮ್ಮ ಕೀಲಿ ನಿಮಗೆ ಮುಟ್ಟಿತು ಎಂದು ಕೈಮುಗಿದಿದ್ದ. ಮಾಸ್ತರರು ಸಮಾಧಾನದಿಂದ ತೆಗೆದುಕೊಂಡಿದ್ದರು. ಕಬ್ಬಿಣದ ಕೀಲಿ ತಿರುಗಿ ಬಂದರೆ ಕೊಟ್ಟವನ ಕೈ ಖಾಲಿಯಾಗುತ್ತದೆ. ಹೇಳಿದ ಶಬ್ದ ಕೇಳಿದವನ ಹತ್ತಿರವೂ ಉಳಿಯುತ್ತದೆ ಎಂಬುದು ಅವರಿಗೆ ಈಗ, ಈ ಮೇಜಿನ ಮುಂದೆ ಹೊಳೆಯಿತು. ಅದೂ ದೊಡ್ಡ ಮಾತಲ್ಲ. ಕತ್ತರಿಸಲು ಆ ಸೂತಕದ ದಿನಗಳೇ ಸಾಕಾಗಿದ್ದವು.

"ಎಲ್ಲಾ ತಗದಿಲ್ಲ," ಎಂದ ತಮ್ಮಣ್ಣ, ಯಾರೂ ಕೇಳುವ ಮೊದಲೇ. "ಹೊಲದ ಮಾತು ಒಂದೂ ಮುಟ್ಟಿಲ್ಲ. ಹೆಸರಷ್ಟು ತಗದೀನಿ. ಅಣ್ಣನ ಮೊಮ್ಮಗಳ ಲಗ್ನ ಗೊತ್ತಾಗಿತ್ರಿ."

ಹೆಸರು ಹೋದರೂ ಹೊಲ ಉಳಿಯುತ್ತದೆಂದು ಅವನು ನಿಜವಾಗಿ ನಂಬಿದಂತಿತ್ತು. ಶುಭದಾ ಅವನಿಗೆ ತಿಳಿಸಿ ಹೇಳಿದಳು. ಹೇಳಿದವಳು ಸತ್ತ ಮೇಲೆ ಕತ್ತರಿಸಿದ ವಿಡಿಯೊ ಇದು. ಎದುರಿನ ವಕೀಲ ಜಿಗಿದ ಜಾಗ ನೋಡಿ ತಾರೀಖು ಕೇಳಿದರೆ ಉಳಿದದ್ದೂ ಸುಳ್ಳಾಗುತ್ತದೆ. ತಮ್ಮಣ್ಣ ಮೇಜಿನ ಮೇಲಿನ ಚಹಾದ ಕಲೆಯನ್ನು ಬೆರಳಿನಿಂದ ಒರೆಸುತ್ತ ಕುಳಿತ.

"ಕಾಕಾ, ನೀವು ಬಂದು ಹೇಳಿದ್ರ ಇನ್ನೂ ಆಗ್ತದ," ಎಂದಳು ಶುಭದಾ. "ವಿಡಿಯೊ ಮಾಡಿದವರು ನೀವು, ಕಿವಿಯಾರೆ ಕೇಳಿದವರು ನೀವು. ಕತ್ತರಿಸಿದ ತಾರೀಖು ಹಳೇ ಪೆಟ್ಟಿಗ್ಯಾಗಷ್ಟ ಅದ, ಅದನ್ನ ಇದ್ದಂಗ ಇಡೂಣು. ಹಿಂಗ ಆತು, ಹಿಂಗ ಕೀಲಿ ಕೊಟ್ಟೆ ಅಂತ ಇಬ್ಬರೂ ಬರದು ಕೊಡ್ರಿ."

ತಾನು ಒಡಹುಟ್ಟಿದವನ ಎದುರು ನಿಲ್ಲುವುದಿಲ್ಲ ಎಂದು ತಮ್ಮಣ್ಣ ಮೆಲ್ಲಗೆ ಹೇಳಿದ. ಆಮೇಲೆ ಮಾಸ್ತರರ ಕಡೆ ನೋಡಿದ. "ನೀವು ಹೇಳ್ರಿ ಮಾಸ್ತರ್, ನಾ ತಡ್ಯಂಗಿಲ್ಲ. ಆದ್ರ ಮೊದಲ ನಿಮಗಽ ಕೇಳ್ತಾರ, ನಿನ್ನ ಕೀಲಿ ಇನ್ನೊಬ್ಬನ ಕೈಯಾಗ ಯಾಕ ಕೊಟ್ಟಿ ಅಂತ."

ಮಾಸ್ತರರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಊರಿನಲ್ಲಿ ದಾಯಾದಿಯ ಮನೆಯವರು ದೇವಿಯ ಕೀಲಿಗಾಗಿ ವರ್ಷಗಳಿಂದ ಕಾಯುತ್ತಿದ್ದರು. ಪ್ರಾಂತ ಕಚೇರಿಯಲ್ಲಿ ಆಡಿದ ಮಾತು ಸಂಜೆಯ ಬಸ್ಸಿಗೇ ಊರು ಸೇರುತ್ತದೆ. ಕಾಯಲು ಕೊಟ್ಟದ್ದನ್ನು ಬಾಯಿಬಿಟ್ಟು ಹೇಳಿದವನ ಮನೆಯಲ್ಲಿ ಒಡವೆಯ ಕೀಲಿ ಯಾಕೆ ಎಂದು ಚಾವಡಿಯಲ್ಲಿ ಎದ್ದು ಕೇಳುತ್ತಾರೆ. ಅವರು ಕನ್ನಡಕವನ್ನು ಬಹಳ ಹೊತ್ತು ಒರೆಸಿದರು.

"ಶುಭಾ, ಇದ್ದದ್ದು ಇದ್ದಂಗ ಹೊಸ ಪೆಟ್ಟಿಗಿಗೆ ಬಂದದಲ್ಲ?"

"ಬಂದದ."

"ಹಂಗಾರ ನಿನ್ನ ಕೆಲಸ ಮುಗೀತು. ಹಳೇದು ಅಳಿಸಿಬಿಡು."

ಶುಭದಾ ಕೀಲಿಮಣೆಯಿಂದ ಕೈ ತೆಗೆದಳು. ಎಲ್ಲರೂ ಒಪ್ಪದೆ ತಾನು ಅಳಿಸುವುದಿಲ್ಲ ಎಂದಳು. ಈ ಕಾಕಾನ ತೊಡೆಯ ಮೇಲೆ ಕುಳಿತೇ ಅವಳು ಅಕ್ಷರ ಕಲಿತವಳು.

ನಿಂಗವ್ವ ಇಷ್ಟು ಹೊತ್ತೂ ಪರದೆಯ ಮೇಲೆ ನಿಂತುಹೋಗಿದ್ದ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ನಮ್ಮತ್ತಿ ಮೊದಲ ಒಲ್ಲೆ ಅಂದಿದ್ಳು ಮಾಸ್ತರ್ರ," ಎಂದಳು. "ದೇವಿ ಪೆಟ್ಟಿಗ್ಯಾಗ ಇಟ್ಟಂಗ ಇಡ್ತೀವಿ ಅಂತ ನೀವು ಅಂದ್ರಿ, ಅದಕ್ಕ ಬಾಯಿ ಬಿಟ್ಳು."

ಮಾಸ್ತರರು ಕನ್ನಡಕ ಹಾಕಿಕೊಂಡರು. ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಹಳೆಯ ಪೆಟ್ಟಿಗೆ ಇರಲಿ, ಬೇಕಾದರೆ ಶುಭದಾ ಬಾಯಾರ ಹತ್ತಿರವೇ ಇರಲಿ ಎಂದು ಅವಳು ಎದ್ದಳು. ಸೋಮವಾರ ತಾನು ಕೇಳಿದ್ದನ್ನು ತಾನೇ ನಿಂತು ಹೇಳುತ್ತೇನೆ ಎಂದಳು. "ಸೊಸಿ ಹೊಲದ ಆಸೆಕ್ಕ ಸುಳ್ಳು ಹೇಳ್ತಾಳ ಅಂತಾರ. ಅನ್ಲಿ."

ಖಾನಾಪುರದ ಬಸ್ಸು ತುಂಬಿತ್ತು. ನಿಂಗವ್ವ ಮುಂದೆ ಹೆಂಗಸರ ನಡುವೆ ಜಾಗ ಮಾಡಿಕೊಂಡು, ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ, ಹಿಂದೆ ತಿರುಗಿ ನೋಡದೆ ಕುಳಿತಳು. ಹಿಂದಿನ ಒಂದು ಸೀಟಿನಲ್ಲಿ ಇಬ್ಬರಿಗೆ ಮಾತ್ರ ಜಾಗವಿತ್ತು. ತಮ್ಮಣ್ಣ ಸರಿದು ಕಿಟಕಿಯ ಬದಿ ಬಿಟ್ಟುಕೊಟ್ಟ. ಮಾಸ್ತರರು ಕುಳಿತರು. ತಮ್ಮಣ್ಣ ಇಬ್ಬರ ಟಿಕೀಟನ್ನೂ ತಾನೇ ತೆಗೆಸಿದ. ಮಾಸ್ತರರು ಬೇಡ ಎನ್ನಲಿಲ್ಲ.